ಟೈಮೌಟ್ ಆದ ಟೆಸ್ಟಿನ ಲಾಗ್ ಉಳಿಸಿಕೊಳ್ಳಲು ಯಾವ ದಾರಿ ಒಳ್ಳೆಯದು?

ಫೇಲ್ ಆದ ಟೆಸ್ಟ್ ಒಂದು ಸಾಲನ್ನಾದರೂ ಬಿಟ್ಟು ಹೋಗುತ್ತದೆ. ಇಷ್ಟು ಬರಬೇಕಿತ್ತು, ಇಷ್ಟು ಬಂತು ಅಂತ ಹೇಳುತ್ತದೆ. ಟೈಮೌಟ್ ಆದ ಟೆಸ್ಟ್ ಹಾಗಲ್ಲ. ಬಹಳ ಸಲ 'ಸಮಯ ಮೀರಿತು, ಪ್ರೊಸೆಸ್ ನಿಲ್ಲಿಸಲಾಗಿದೆ' ಅನ್ನುವ ಸಾಲು ಮಾತ್ರ ಸಿಗುತ್ತದೆ. ಅದರ ಹಿಂದೆ ಏನು ನಡೆಯಿತು, ಎಲ್ಲಿ ಸಿಕ್ಕಿಕೊಂಡಿತು, ಕೊನೆಯ ಸಾಲು ಯಾವುದು, ಒಂದೂ ಗೊತ್ತಾಗುವುದಿಲ್ಲ. ಲಾಗ್ ಎಲ್ಲಕ್ಕಿಂತ ಜಾಸ್ತಿ ಬೇಕಾದ ಹೊತ್ತಿನಲ್ಲೇ ಅದು ಇರುವುದಿಲ್ಲ. ಹ್ಯಾಂಗ್ ಆಗುವ ಟೆಸ್ಟುಗಳು ನಮ್ಮ ಮಶೀನಿನಲ್ಲಿ ಕೇಳಿದಾಗೆಲ್ಲ ಮತ್ತೆ ಹ್ಯಾಂಗ್ ಆಗುವುದೂ ಇಲ್ಲ. ಹಾಗಾಗಿ ಮೊದಲ ಸಲ ಕಳೆದುಕೊಂಡ ಲಾಗ್ ಎಂದರೆ ಕೈಗೆ ಬಂದ ಒಂದೇ ಸುಳಿವನ್ನು ಕಳೆದುಕೊಂಡ ಹಾಗೆ.

ಇದಕ್ಕೆ ದಾರಿಗಳು ಹಲವು ಇವೆ. ಲಾಗನ್ನು ಬಫರ್ ಮಾಡದೆ, ಅಂದರೆ ಮೆಮೊರಿಯಲ್ಲಿ ಕೂಡಿಡದೆ, ಆಗಿಂದಾಗಲೇ ಬರೆಯಬಹುದು. ಟೆಸ್ಟ್ ಫ್ರೇಮ್‌ವರ್ಕ್‌ನ ಟೈಮೌಟ್ ಬಳಸಬಹುದು. ಹೊರಗಿನಿಂದ ಒಂದು ಕಮಾಂಡ್ ಕಾವಲು ಇಡಬಹುದು. ಎಲ್ಲವನ್ನೂ ಸಿಐ, ಅಂದರೆ ಕೋಡ್ ಬದಲಾದಾಗೆಲ್ಲ ಟೆಸ್ಟುಗಳನ್ನು ತಾನಾಗಿ ಓಡಿಸುವ ವ್ಯವಸ್ಥೆ, ನೋಡಿಕೊಳ್ಳಲಿ ಅಂತ ಬಿಡಬಹುದು. ಇವುಗಳಲ್ಲಿ ಯಾವುದು ಯಾರಿಗೆ ಸರಿ ಎಂದು ನೋಡೋಣ. ನನ್ನ ಅಭಿಪ್ರಾಯ ಈಗಲೇ ಹೇಳಿಬಿಡುತ್ತೇನೆ. ಸಾಯುತ್ತಿರುವ ಪ್ರೊಸೆಸ್ ಕೊನೇ ಗಳಿಗೆಯಲ್ಲಿ ಲಾಗ್ ಕೊಟ್ಟೇ ಕೊಡುತ್ತದೆ ಅಂತ ನಂಬಿ ಕೂರಬೇಡಿ. ಲಾಗ್ ಹುಟ್ಟಿದ ತಕ್ಷಣ ಅದು ಆ ಪ್ರೊಸೆಸ್ ಬಿಟ್ಟು ಹೊರಗೆ ಹೋಗಬೇಕು. ಅದಾದ ಮೇಲೆ ಟೈಮೌಟುಗಳನ್ನು ಸರಿಯಾದ ಕ್ರಮದಲ್ಲಿ ಜೋಡಿಸಬೇಕು. ಟೆಸ್ಟಿಗೆ ಅತಿ ಹತ್ತಿರದ ಟೈಮೌಟ್ ಮೊದಲು ಹೊಡೆಯಬೇಕು, ದೂರದ್ದು ಕೊನೆಗೆ.

ಲಾಗ್ ಹೋಗುವುದು ಎಲ್ಲಿಗೆ?

ದಾರಿ ಆರಿಸುವ ಮೊದಲು ಲಾಗ್ ಎಲ್ಲಿ ಕಳೆಯುತ್ತಿದೆ ಅಂತ ಗೊತ್ತಿರಬೇಕು. ಇಲ್ಲದಿದ್ದರೆ ಸುಮ್ನೆ ಒಂದರ ಮೇಲೊಂದು ಸೆಟ್ಟಿಂಗ್ ಬದಲಾಯಿಸುತ್ತಾ ಕೂರಬೇಕಾಗುತ್ತದೆ.

ಮೊದಲ ಜಾಗ ಪ್ರೋಗ್ರಾಮಿನ ಒಳಗಿನ ಬಫರ್. ಸಿ ಭಾಷೆಯ ಸ್ಟ್ಯಾಂಡರ್ಡ್ ಔಟ್‌ಪುಟ್ ಟರ್ಮಿನಲ್‌ಗೆ ಹೋಗುತ್ತಿದ್ದರೆ ಸಾಲು ಸಾಲಾಗಿ ಹೊರಬರುತ್ತದೆ. ಅದೇ ಔಟ್‌ಪುಟ್ ಪೈಪಿಗೋ ಫೈಲಿಗೋ ಹೋಗುತ್ತಿದ್ದರೆ ಬಫರ್ ಪೂರ್ತಿ ತುಂಬಿದ ಮೇಲೆಯೇ ಹೊರಬರುತ್ತದೆ. ಪೈಥಾನ್‌ನಲ್ಲೂ ಇದೇ ಕಥೆ. ಅಲ್ಲಿ ಬಹಳ ಕಾಲದಿಂದ ಬಂದಿರುವ ಡಿಫಾಲ್ಟ್ ಬಫರ್ 8192 ಬೈಟ್. ಸಿಐನಲ್ಲಿ ಸಾಮಾನ್ಯವಾಗಿ ಟರ್ಮಿನಲ್ ಇರುವುದಿಲ್ಲ, ಪೈಪ್ ಇರುತ್ತದೆ. ನಿಮ್ಮ ಮಶೀನಿನಲ್ಲಿ ಚೆನ್ನಾಗಿ ಕಾಣುವ ಲಾಗ್ ಸಿಐನಲ್ಲಿ ಮಾಯವಾಗುವುದಕ್ಕೆ ಅರ್ಧ ಕಾರಣ ಇದೇ. ಹ್ಯಾಂಗ್ ಆಗುವ ಮುಂಚಿನ ಹತ್ತಾರು ಸಾಲು ಬಫರ್‌ನಲ್ಲೇ ಕೂತಿರುತ್ತವೆ. ಪ್ರೊಸೆಸ್ ಸತ್ತಾಗ ಅವೂ ಹೋಗುತ್ತವೆ.

ಎರಡನೆಯದು ಟೆಸ್ಟ್ ಫ್ರೇಮ್‌ವರ್ಕ್. ಪೈಥಾನ್‌ನ ಪೈಟೆಸ್ಟ್ ಡಿಫಾಲ್ಟ್ ಆಗಿ ಟೆಸ್ಟಿನ ಔಟ್‌ಪುಟ್ ಹಿಡಿದಿಟ್ಟುಕೊಳ್ಳುತ್ತದೆ. ಟೆಸ್ಟ್ ಮುಗಿದ ಮೇಲೆ, ಅದೂ ಫೇಲ್ ಆದರೆ, ತೋರಿಸುತ್ತದೆ. ಹಿಡಿದಿಟ್ಟದ್ದೆಲ್ಲ ತಾತ್ಕಾಲಿಕ ಫೈಲಿನಲ್ಲಿರುತ್ತದೆ, ಪ್ರೊಸೆಸ್ ಜೊತೆಗೇ ಅದೂ ಹೋಗುತ್ತದೆ. ಜೆಯುನಿಟ್ ಎಕ್ಸ್‌ಎಂಎಲ್ ವರದಿಯನ್ನು ಪೈಟೆಸ್ಟ್ ಎಲ್ಲಾ ಟೆಸ್ಟ್ ಮುಗಿದ ಮೇಲೆ ಒಂದೇ ಸಲ ಬರೆಯುತ್ತದೆ. ಅಂದರೆ 400 ಟೆಸ್ಟ್ ಪಾಸಾಗಿ 401ನೆಯದು ಹ್ಯಾಂಗ್ ಆಗಿ ಪ್ರೊಸೆಸ್ ಕಿಲ್ ಆದರೆ, ಪಾಸಾದ 400ರ ದಾಖಲೆಯೂ ಇರುವುದಿಲ್ಲ.

ಮೂರನೆಯದು ಸಿಐ. ಲಾಗ್ ಫೈಲ್ ಸರಿಯಾಗಿ ಬರೆದಿರುತ್ತದೆ, ಆದರೆ ಅದನ್ನು ಅಪ್‌ಲೋಡ್ ಮಾಡುವ ಸ್ಟೆಪ್ ಓಡುವುದೇ ಇಲ್ಲ. ಕಂಟೇನರ್ ಅಳಿಸಿಹೋಗುತ್ತದೆ, ಫೈಲೂ ಹೋಗುತ್ತದೆ.

ಇಲ್ಲಿ ಕಿಲ್ ಮಾಡುವ ರೀತಿ, ಅಂದರೆ ನಿಲ್ಲು ಅಂತ ಪ್ರೊಸೆಸ್‌ಗೆ ಯಾವ ಸಿಗ್ನಲ್ ಕಳಿಸುತ್ತೇವೆ ಅನ್ನುವುದೂ ಮುಖ್ಯ. ಸಿಗ್‌ಕಿಲ್, ಅಂದರೆ ಸಿಗ್ನಲ್ 9, ಯಾವ ಪ್ರೊಸೆಸ್ಸೂ ಹಿಡಿಯಲಾರದು. ಫೈನಲಿ ಬ್ಲಾಕ್ ಓಡುವುದಿಲ್ಲ, ಬಫರ್ ಫ್ಲಶ್ ಆಗುವುದಿಲ್ಲ, ಅಂದರೆ ಅದರಲ್ಲಿದ್ದದ್ದು ಹೊರಗೆ ಹೋಗುವುದಿಲ್ಲ. ಇದು ಬಹಳ ಜನಕ್ಕೆ ಗೊತ್ತು. ಸಿಗ್‌ಟರ್ಮ್ ಸಂಗತಿ ಅಷ್ಟು ಗೊತ್ತಿರುವುದಿಲ್ಲ. ಅದು ಮೃದುವಾದ ಸಿಗ್ನಲ್ ಅಂತ ನಾವು ನಂಬುತ್ತೇವೆ, ಅಲ್ವಾ? ಆದರೆ ಪೈಥಾನ್ ಪ್ರೋಗ್ರಾಮ್ ತಾನಾಗಿ ಹ್ಯಾಂಡ್ಲರ್ ಇಡದಿದ್ದರೆ ಸಿಗ್‌ಟರ್ಮ್ ಬಂದಾಗಲೂ ನೇರವಾಗಿ ಸಾಯುತ್ತದೆ. ಫೈನಲಿ ಇಲ್ಲ, ಅಟ್‌ಎಕ್ಸಿಟ್ ಇಲ್ಲ, ಫ್ಲಶ್ ಇಲ್ಲ. ಸಿಗ್‌ಇಂಟ್ ಮಾತ್ರ ಬೇರೆ. ಅದು ಕಂಟ್ರೋಲ್ ಸಿ ಒತ್ತಿದ ಹಾಗೆ ಕೀಬೋರ್ಡ್ ಇಂಟರಪ್ಟ್ ಎಕ್ಸೆಪ್ಷನ್ ಆಗುತ್ತದೆ. ಆಗ ಪೈಟೆಸ್ಟ್ ವರದಿ ಬರೆದು, ಎಲ್ಲಿ ನಿಂತಿತು ಅಂತ ತೋರಿಸಿ ಹೊರಡುತ್ತದೆ.

ಸಮಾಧಾನದ ವಿಷಯವೂ ಒಂದಿದೆ. ಒಮ್ಮೆ ರೈಟ್ ಸಿಸ್ಟಮ್ ಕಾಲ್ ಮುಗಿದರೆ ಆ ಸಾಲು ಕರ್ನೆಲ್ ಕೈಗೆ ಹೋಯಿತು. ಆಮೇಲೆ ಪ್ರೊಸೆಸ್ಸನ್ನು ಹೇಗೆ ಕಿಲ್ ಮಾಡಿದರೂ ಫೈಲಿನಲ್ಲಿ ಆ ಸಾಲು ಇರುತ್ತದೆ. ಪ್ರತಿ ಸಾಲಿಗೂ ಎಫ್‌ಸಿಂಕ್, ಅಂದರೆ ಡಿಸ್ಕಿಗೇ ಬರೆಸುವ ಕರೆ, ಬೇಕಿಲ್ಲ. ಇಡೀ ಮಶೀನೇ ಬಿದ್ದುಹೋಗುವ ಭಯ ಇದ್ದರೆ ಮಾತ್ರ ಅದು ಬೇಕು.

ಆಗಿಂದಾಗಲೇ ಬರೆಯುವುದು

ಎಲ್ಲರೂ ಮೊದಲು ಮಾಡಬೇಕಾದದ್ದು ಇದೇ. ಖರ್ಚು ಕಡಿಮೆ, ಯಾವ ಥರದ ಕಿಲ್ ಬಂದರೂ ಕೆಲಸ ಮಾಡುತ್ತದೆ.

ಪೈಥಾನ್‌ನಲ್ಲಿ ಮೈನಸ್ ಯು ಫ್ಲ್ಯಾಗ್ ಕೊಡಿ, ಇಲ್ಲವೇ ಪೈಥಾನ್‌ಅನ್‌ಬಫರ್ಡ್ ಎಂಬ ಎನ್ವಿರಾನ್ಮೆಂಟ್ ವೇರಿಯಬಲ್ ಇಡಿ. ಲಾಗಿಂಗ್ ಮಾಡ್ಯೂಲ್ ಬಳಸುತ್ತಿದ್ದರೆ ಇನ್ನೂ ಒಳ್ಳೆಯದು. ಅದರ ಸ್ಟ್ರೀಮ್ ಹ್ಯಾಂಡ್ಲರ್, ಫೈಲ್ ಹ್ಯಾಂಡ್ಲರ್ ಎರಡೂ ಪ್ರತಿ ಸಾಲಿಗೆ ಫ್ಲಶ್ ಮಾಡುತ್ತವೆ. ಆದರೆ ಪೈಟೆಸ್ಟ್ ಹಿಡಿದಿಟ್ಟುಕೊಳ್ಳುವುದನ್ನೂ ದಾಟಬೇಕು. ಮೈನಸ್ ಎಸ್ ಫ್ಲ್ಯಾಗ್ ಕೊಟ್ಟರೆ ಹಿಡಿಯುವುದೇ ನಿಲ್ಲುತ್ತದೆ. ನನಗೆ ಇಷ್ಟವಾಗುವುದು ಲಾಗ್ ಫೈಲ್ ಆಯ್ಕೆ. ಕನ್ಸೋಲ್ ಅಚ್ಚುಕಟ್ಟಾಗಿರುತ್ತದೆ, ಫೈಲಿನಲ್ಲಿ ಸಾಲುಗಳು ಆಗಿಂದಾಗ ಸೇರುತ್ತವೆ. ಎಕ್ಸ್‌ಡಿಸ್ಟ್ ಹಾಕಿ ಟೆಸ್ಟುಗಳನ್ನು ಒಟ್ಟೊಟ್ಟಿಗೆ ಓಡಿಸುವವರಿಗೆ ಮೈನಸ್ ಎಸ್ ಕೆಲಸಕ್ಕೆ ಬರುವುದಿಲ್ಲ, ವರ್ಕರ್‌ಗಳ ಔಟ್‌ಪುಟ್ ಕನ್ಸೋಲ್‌ಗೆ ತಲುಪುವುದೇ ಇಲ್ಲ. ಅವರು ಪ್ರತಿ ವರ್ಕರ್‌ಗೆ ಬೇರೆ ಬೇರೆ ಲಾಗ್ ಫೈಲ್ ಇಡಬೇಕು. ವರ್ಕರ್ ಹೆಸರು ಎನ್ವಿರಾನ್ಮೆಂಟ್ ವೇರಿಯಬಲ್‌ನಲ್ಲೇ ಸಿಗುತ್ತದೆ.

ವರದಿಗೂ ಇದೇ ಉಪಾಯ. ಪೈಟೆಸ್ಟ್ ರಿಪೋರ್ಟ್‌ಲಾಗ್ ಎಂಬ ಪ್ಲಗಿನ್ ಪ್ರತಿ ಟೆಸ್ಟಿನ ಫಲಿತಾಂಶವನ್ನು ಆಗಲೇ ಒಂದು ಜೇಸನ್ ಸಾಲಾಗಿ ಬರೆಯುತ್ತದೆ. ಕೊನೆಗೆ ಒಂದೇ ಸಲ ಬರೆಯುವ ಎಕ್ಸ್‌ಎಂಎಲ್‌ಗಿಂತ ಟೈಮೌಟ್ ಹೊತ್ತಿನಲ್ಲಿ ಇದೇ ಮೇಲು. ರೋಬೋಟ್ ಫ್ರೇಮ್‌ವರ್ಕ್ ಬಳಸುವವರಿಗೆ ಡೀಬಗ್‌ಫೈಲ್ ಆಯ್ಕೆ ಇದೆ, ಅದು ಟೆಸ್ಟ್ ಓಡುತ್ತಿರುವಾಗಲೇ ತುಂಬುತ್ತಾ ಹೋಗುತ್ತದೆ.

ಗೋ ಭಾಷೆಯಲ್ಲಿ ಸ್ಟ್ಯಾಂಡರ್ಡ್ ಔಟ್‌ಪುಟ್‌ಗೆ ಬಫರ್ ಇಲ್ಲ. ಆದರೆ ಟಿ ಡಾಟ್ ಲಾಗ್ ಬರಹ ಆಗಿಂದಾಗ ಕಾಣಬೇಕಾದರೆ ಮೈನಸ್ ವಿ ಬೇಕು. ಈ ಸೌಕರ್ಯ ಗೋ 1.14ರಿಂದ ಇದೆ. ಮೈನಸ್ ವಿ ಇಲ್ಲದೆ ಹಲವು ಪ್ಯಾಕೇಜ್ ಒಟ್ಟಿಗೆ ಓಡಿಸಿದರೆ ಪ್ಯಾಕೇಜ್ ಮುಗಿಯುವವರೆಗೂ ಔಟ್‌ಪುಟ್ ತಡೆದಿಟ್ಟಿರುತ್ತದೆ.

ಸಿ ಮತ್ತು ಸಿ ಪ್ಲಸ್ ಪ್ಲಸ್ ಪ್ರೋಗ್ರಾಮುಗಳಿಗೆ ಎಸ್‌ಟಿಡಿಬಫ್ ಎಂಬ ಕಮಾಂಡ್ ಇದೆ. ಕೋಡ್ ಮುಟ್ಟದೆ ಸಾಲು ಸಾಲಾಗಿ ಬರೆಸುತ್ತದೆ. ಇದನ್ನೇ ಎಲ್ಲ ಕಡೆ ಹಾಕುವವರಿದ್ದಾರೆ, ಆದರೆ ಅದರ ಮಿತಿ ದೊಡ್ಡದು. ಪ್ರೋಗ್ರಾಮ್ ಸಿ ಲೈಬ್ರರಿಯನ್ನು ಡೈನಮಿಕ್ ಆಗಿ ಲಿಂಕ್ ಮಾಡಿಕೊಂಡು, ಅದರ ಬಫರ್ ಬಳಸುತ್ತಿದ್ದರೆ ಮಾತ್ರ ಅದು ನಡೆಯುತ್ತದೆ. ಸ್ಟ್ಯಾಟಿಕ್ ಬೈನರಿ, ಗೋ, ಪೈಥಾನ್ 3, ಇವುಗಳ ಮೇಲೆ ಅದರ ಆಟ ನಡೆಯುವುದಿಲ್ಲ. ಕೋಡ್ ನಿಮ್ಮದೇ ಆದರೆ ಮೇನ್ ಫಂಕ್ಷನ್ ಶುರುವಿನಲ್ಲೇ ಸೆಟ್‌ವಿಬಫ್ ಕರೆಯುವುದು ಮೇಲು. ಸ್ಟ್ಯಾಂಡರ್ಡ್ ಎರರ್‌ಗೆ ಸಿ ಭಾಷೆಯಲ್ಲಿ ಮೊದಲಿಂದಲೂ ಬಫರ್ ಇಲ್ಲ, ಹಾಗಾಗಿ ಮುಖ್ಯ ಸಾಲುಗಳನ್ನು ಅಲ್ಲಿಗೇ ಬರೆದರೂ ಆಯಿತು.

ಜಾವಾದಲ್ಲಿ ಎಚ್ಚರ ಬೇಕಾದದ್ದು ಅಸಿಂಕ್ ಲಾಗರ್‌ಗಳ ಬಗ್ಗೆ. ಲಾಗ್‌ಫೋರ್‌ಜೆ 2ರ ಅಸಿಂಕ್ ಲಾಗರ್ ಸಾಲುಗಳನ್ನು ಮೊದಲು ಮೆಮೊರಿಯ ಕ್ಯೂನಲ್ಲಿ ಇಡುತ್ತದೆ. ಪ್ರೊಡಕ್ಷನ್‌ನಲ್ಲಿ ಅದು ವೇಗ ಕೊಡಬಹುದು. ಟೆಸ್ಟಿಗೆ ಮಾತ್ರ ಸಾಮಾನ್ಯ ಸಿಂಕ್ ಲಾಗರ್ ಇಟ್ಟುಕೊಳ್ಳಿ.

ಇನ್ನು ಟೀ ಕಮಾಂಡ್. ಟೆಸ್ಟಿನ ಔಟ್‌ಪುಟ್ ಪೈಪ್ ಮೂಲಕ ಟೀಗೆ ಕೊಟ್ಟು ಕನ್ಸೋಲ್, ಫೈಲ್ ಎರಡಕ್ಕೂ ಬರೆಸುವುದು ಒಳ್ಳೆಯ ಅಭ್ಯಾಸ. ಆದರೆ ಸಿಗ್‌ಇಂಟ್ ಇಡೀ ಗುಂಪಿಗೆ ಬಂದರೆ ಟೀ ಕೂಡ ಸಾಯುತ್ತದೆ, ಟೆಸ್ಟ್ ತನ್ನ ಕೊನೆಯ ಮಾತು ಬರೆಯುವುದಕ್ಕೂ ಮುಂಚೆಯೇ. ಟೀಗೆ ಮೈನಸ್ ಐ ಕೊಟ್ಟರೆ ಅದು ಇಂಟರಪ್ಟ್ ಲೆಕ್ಕಿಸುವುದಿಲ್ಲ. ಜೊತೆಗೆ ಶೆಲ್‌ನಲ್ಲಿ ಪೈಪ್‌ಫೇಲ್ ಆನ್ ಮಾಡಿ. ಇಲ್ಲದಿದ್ದರೆ ಟೆಸ್ಟ್ ಫೇಲ್ ಆದರೂ ಟೀ ಪಾಸಾಯಿತು ಅಂತ ಜಾಬ್ ಹಸಿರಾಗಿಬಿಡುತ್ತದೆ.

ಈ ದಾರಿಯ ಕೊರತೆ ಏನೆಂದರೆ, ಕೊನೆಯ ಸಾಲು ಯಾವುದು ಅಂತ ಗೊತ್ತಾಗುತ್ತದೆ, ಈಗ ಎಲ್ಲಿ ಸಿಕ್ಕಿಕೊಂಡಿದೆ ಅಂತ ಗೊತ್ತಾಗುವುದಿಲ್ಲ. 'ಡೇಟಾಬೇಸ್ ಸಂಪರ್ಕ ಕೇಳುತ್ತಿದ್ದೇನೆ' ಅಂತ ಬರೆದು ನಿಂತಿದ್ದರೆ ಊಹಿಸಬಹುದು. ಎರಡು ಥ್ರೆಡ್ ಒಂದಕ್ಕೊಂದು ಕಾಯುತ್ತಿದ್ದರೆ ಲಾಗ್ ಒಂದೇ ಸಾಲದು. ಸ್ಟ್ಯಾಕ್ ಬೇಕು, ಅಂದರೆ ಆ ಹೊತ್ತಿಗೆ ಯಾವ ಫಂಕ್ಷನ್ ಯಾವುದನ್ನು ಕರೆದು ನಿಂತಿದೆ ಅನ್ನುವ ಪಟ್ಟಿ.

ಫ್ರೇಮ್‌ವರ್ಕ್‌ನ ಟೈಮೌಟ್

ಸ್ಟ್ಯಾಕ್ ಬೇಕಾದರೆ ಟೆಸ್ಟ್ ಓಡುತ್ತಿರುವ ಪ್ರೊಸೆಸ್ಸಿನ ಒಳಗಿನಿಂದಲೇ ಟೈಮೌಟ್ ಹೊಡೆಯುವುದು ಸುಲಭದ ದಾರಿ. ಇದರಲ್ಲಿ ಗೋ ಎಲ್ಲರಿಗಿಂತ ಮುಂದಿದೆ. ಗೋ ಟೆಸ್ಟ್‌ಗೆ ಏನೂ ಹೇಳದಿದ್ದರೂ 10 ನಿಮಿಷದ ಟೈಮೌಟ್ ಇರುತ್ತದೆ. ಅದು ಮೀರಿದರೆ ಪ್ಯಾನಿಕ್ ಆಗಿ ಗೋರುಟೀನ್‌ಗಳ, ಅಂದರೆ ಗೋ ಭಾಷೆಯ ಹಗುರ ಥ್ರೆಡ್‌ಗಳ, ಸ್ಟ್ಯಾಕ್ ಮುದ್ರಿಸುತ್ತದೆ. ಗೋ ಬಳಸುವವರು ಮಾಡಬೇಕಾದದ್ದು ಒಂದೇ, ಸಿಐ ಟೈಮೌಟ್ ಈ 10 ನಿಮಿಷಕ್ಕಿಂತ ದೊಡ್ಡದಾಗಿ ಇರುವ ಹಾಗೆ ನೋಡಿಕೊಳ್ಳುವುದು. ಸಿಐ 8 ನಿಮಿಷಕ್ಕೇ ಕಿಲ್ ಮಾಡಿದರೆ ಇಷ್ಟು ಒಳ್ಳೆಯ ಸ್ಟ್ಯಾಕ್ ಯಾರ ಕಣ್ಣಿಗೂ ಬೀಳುವುದಿಲ್ಲ.

ಪೈಥಾನ್‌ನಲ್ಲಿ ಆಯ್ಕೆ ಜಾಸ್ತಿ, ಹಾಗಾಗಿ ಯೋಚನೆಯೂ ಜಾಸ್ತಿ. ಪೈಟೆಸ್ಟ್ ಟೈಮೌಟ್ ಪ್ಲಗಿನ್ ಎರಡು ರೀತಿ ಕೆಲಸ ಮಾಡುತ್ತದೆ. ಸಿಗ್ನಲ್ ವಿಧಾನದಲ್ಲಿ ಸಿಗ್‌ಅಲಾರ್ಮ್ ಬಂದಾಗ ಆ ಒಂದು ಟೆಸ್ಟ್ ಫೇಲ್ ಆಗುತ್ತದೆ, ಉಳಿದವು ಮುಂದುವರಿಯುತ್ತವೆ. ಹಿಡಿದಿಟ್ಟ ಔಟ್‌ಪುಟ್ ಕಾಣುತ್ತದೆ, ಎಕ್ಸ್‌ಎಂಎಲ್ ವರದಿಯೂ ಬರುತ್ತದೆ. ಥ್ರೆಡ್ ವಿಧಾನದಲ್ಲಿ ಬೇರೆ ಥ್ರೆಡ್ ಒಂದು ಕಾವಲಿರುತ್ತದೆ. ಸಮಯ ಮೀರಿದರೆ ಎಲ್ಲ ಥ್ರೆಡ್‌ಗಳ ಸ್ಟ್ಯಾಕ್ ಬರೆದು ಇಡೀ ಪ್ರೊಸೆಸ್ಸನ್ನೇ ಮುಗಿಸುತ್ತದೆ. ಇದು ವಿಂಡೋಸ್‌ನಲ್ಲೂ ನಡೆಯುತ್ತದೆ, ಆದರೆ ಉಳಿದ ಟೆಸ್ಟುಗಳು ಓಡುವುದಿಲ್ಲ, ಎಕ್ಸ್‌ಎಂಎಲ್ ವರದಿ ಬರುವುದಿಲ್ಲ. ಲಿನಕ್ಸ್‌ನಲ್ಲಿ ಇದ್ದರೆ ಸಿಗ್ನಲ್ ವಿಧಾನವನ್ನೇ ಆರಿಸಿ. ನಿಮ್ಮ ಕೋಡ್ ತಾನೇ ಸಿಗ್‌ಅಲಾರ್ಮ್ ಬಳಸುತ್ತಿದ್ದರೆ ಮಾತ್ರ ಥ್ರೆಡ್‌ಗೆ ಹೋಗಿ.

ಎರಡಕ್ಕೂ ಒಂದು ಕುರುಡು ಜಾಗ ಇದೆ. ಟೆಸ್ಟ್ ಒಂದು ಸಿ ಎಕ್ಸ್‌ಟೆನ್ಷನ್ ಒಳಗೆ ಜಿಐಎಲ್ (ಒಂದು ಸಲಕ್ಕೆ ಒಂದೇ ಥ್ರೆಡ್ ಪೈಥಾನ್ ಕೋಡ್ ಓಡಿಸಲು ಬಿಡುವ ಬೀಗ) ಬಿಡದೆ ಸಿಕ್ಕಿಕೊಂಡರೆ ಪೈಥಾನ್‌ನ ಸಿಗ್ನಲ್ ಹ್ಯಾಂಡ್ಲರ್ ಓಡುವುದಿಲ್ಲ, ಕಾವಲಿನ ಥ್ರೆಡ್ಡಿಗೂ ಸರದಿ ಸಿಗುವುದಿಲ್ಲ. ಆಗ ಕೈ ಹಿಡಿಯುವುದು ಫಾಲ್ಟ್‌ಹ್ಯಾಂಡ್ಲರ್. ಪೈಥಾನ್ 3.3ರಿಂದ ಇದು ಸ್ಟ್ಯಾಂಡರ್ಡ್ ಲೈಬ್ರರಿಯಲ್ಲೇ ಇದೆ. ಇದರ ಕಾವಲು ಥ್ರೆಡ್ ಸಿ ಭಾಷೆಯಲ್ಲಿದೆ, ಜಿಐಎಲ್‌ಗೆ ಕಾಯುವುದಿಲ್ಲ. ಪೈಟೆಸ್ಟ್ 5.0ರಿಂದ ಫಾಲ್ಟ್‌ಹ್ಯಾಂಡ್ಲರ್ ಟೈಮೌಟ್ ಎಂಬ ಸೆಟ್ಟಿಂಗ್ ಪೈಟೆಸ್ಟ್‌ನಲ್ಲೇ ಸಿಗುತ್ತದೆ, ಪ್ಲಗಿನ್ ಬೇಕಿಲ್ಲ. ಇದು ಟೆಸ್ಟನ್ನು ನಿಲ್ಲಿಸುವುದಿಲ್ಲ, ಸ್ಟ್ಯಾಕ್ ಬರೆದು ಸುಮ್ಮನಾಗುತ್ತದೆ. ಅದೇ ಇದರ ಗುಣ. ನಿಲ್ಲಿಸುವ ಟೈಮೌಟ್ 60 ಸೆಕೆಂಡ್ ಇದ್ದರೆ ಇದನ್ನು 45ಕ್ಕೆ ಇಡಿ. ಪೈಥಾನ್ ಪ್ರಾಜೆಕ್ಟಿಗೆ ಒಂದೇ ಒಂದು ಸಾಲು ಸೇರಿಸಲು ಅವಕಾಶ ಇದ್ದರೆ ನಾನು ಇದನ್ನೇ ಸೇರಿಸುತ್ತೇನೆ.

ಜಾವಾದಲ್ಲಿ ಹೆಸರುಗಳು ಒಂದೇ ಥರ ಇದ್ದರೂ ನಡತೆ ಬೇರೆ. ಜೆಯುನಿಟ್ 5ರ ಅಸರ್ಟ್ ಟೈಮೌಟ್ ಕೋಡನ್ನು ನಿಲ್ಲಿಸುವುದೇ ಇಲ್ಲ. ಕೋಡ್ ಮುಗಿಯುವವರೆಗೂ ಕಾದು, ಆಮೇಲೆ ತಡವಾಯಿತು ಅಂತ ಫೇಲ್ ಮಾಡುತ್ತದೆ. ಹ್ಯಾಂಗ್ ಆದ ಟೆಸ್ಟಿಗೆ ಇದರಿಂದ ಉಪಯೋಗವಿಲ್ಲ. ಅಸರ್ಟ್ ಟೈಮೌಟ್ ಪ್ರಿಎಂಪ್ಟಿವ್ಲಿ ಬೇರೆ ಥ್ರೆಡ್‌ನಲ್ಲಿ ಓಡಿಸಿ ಕೈಬಿಡುತ್ತದೆ. ಆದರೆ ಥ್ರೆಡ್‌ಲೋಕಲ್ (ಆಯಾ ಥ್ರೆಡ್ಡಿಗೆ ಮಾತ್ರ ಕಾಣುವ ಡೇಟಾ) ನೆಚ್ಚಿಕೊಂಡ ಕೋಡ್ ಅಲ್ಲಿ ತಪ್ಪಾಗಿ ನಡೆಯುತ್ತದೆ. ಸ್ಪ್ರಿಂಗ್ ಟೆಸ್ಟಿನ ಟ್ರಾನ್ಸಾಕ್ಷನ್ ರೋಲ್‌ಬ್ಯಾಕ್ ಆಗದೆ ಡೇಟಾ ಉಳಿದುಬಿಡುವುದು ಹೀಗೆಯೇ. ಟೈಮೌಟ್ ಅನೋಟೇಶನ್ ಸಾಮಾನ್ಯವಾಗಿ ಅದೇ ಥ್ರೆಡ್ಡಿಗೆ ಇಂಟರಪ್ಟ್ ಕಳಿಸುತ್ತದೆ. ಕೋಡ್ ಇಂಟರಪ್ಟ್ ಲೆಕ್ಕಿಸದಿದ್ದರೆ ಅದೂ ನಿಲ್ಲುವುದಿಲ್ಲ. ನನ್ನ ಆಯ್ಕೆ ಅನೋಟೇಶನ್. 5.12ರಿಂದ ಟೈಮೌಟ್ ಹೊತ್ತಿನಲ್ಲಿ ಥ್ರೆಡ್ ಡಂಪ್ ಬರೆಸುವ ಸೆಟ್ಟಿಂಗ್ ಕೂಡ ಇದೆ, ಅದನ್ನು ಆನ್ ಮಾಡಿಕೊಳ್ಳಿ.

ಜಾವಾಸ್ಕ್ರಿಪ್ಟ್ ಬಗ್ಗೆ ಚಿಕ್ಕದಾಗಿ ಹೇಳಬಹುದು. ಜೆಸ್ಟ್‌ನ ಡಿಫಾಲ್ಟ್ ಟೈಮೌಟ್ 5 ಸೆಕೆಂಡ್, ಮೋಕಾದ್ದು 2. ಅಸಿಂಕ್ ಟೆಸ್ಟ್ ಕಾಯುತ್ತಾ ನಿಂತಿದ್ದರೆ ಇವು ಹಿಡಿಯುತ್ತವೆ. ಕೊನೆಯಿಲ್ಲದ ಲೂಪ್ ಆಗಿದ್ದರೆ ಟೈಮರ್ ಓಡುವುದಕ್ಕೇ ಜಾಗ ಇರುವುದಿಲ್ಲ. ಅಲ್ಲಿ ಹೊರಗಿನ ಕಾವಲೇ ಬೇಕು.

ಹೊರಗಿನ ಕಾವಲು

ಫ್ರೇಮ್‌ವರ್ಕೇ ಸಿಕ್ಕಿಕೊಂಡಾಗ, ಅಥವಾ ಗೂಗಲ್‌ಟೆಸ್ಟ್‌ನ ಹಾಗೆ ಪ್ರತಿ ಟೆಸ್ಟಿಗೆ ಟೈಮೌಟ್ ಸೌಕರ್ಯವೇ ಇಲ್ಲದಿದ್ದಾಗ, ಹೊರಗಿನಿಂದ ಕಾಯುವ ಪ್ರೊಸೆಸ್ ಬೇಕು. ಲಿನಕ್ಸ್‌ನಲ್ಲಿ ಸುಲಭವಾಗಿ ಸಿಗುವುದು ಟೈಮೌಟ್ ಕಮಾಂಡ್. ಸಮಯ ಮೀರಿದರೆ ಅದರ ಎಕ್ಸಿಟ್ ಕೋಡ್ 124. ಸಿಗ್‌ಕಿಲ್ ಬಳಸಬೇಕಾಗಿ ಬಂದರೆ 137, ಅಂದರೆ 128ಕ್ಕೆ 9 ಸೇರಿಸಿದ್ದು. ಜಾಬ್ ಲಾಗ್‌ನಲ್ಲಿ 137 ಕಂಡರೆ ಟೈಮೌಟ್ ಅಂತಲೇ ತೀರ್ಮಾನಿಸಬೇಡಿ. ಮೆಮೊರಿ ಸಾಲದೆ ಕರ್ನೆಲ್ ಕಿಲ್ ಮಾಡಿದಾಗಲೂ ಇದೇ ಸಂಖ್ಯೆ ಬರುತ್ತದೆ.

ಈ ದಾರಿಯ ಜೀವಾಳ ಎರಡು ಹಂತದ ಕಿಲ್. ಮೊದಲು ಪ್ರೋಗ್ರಾಮಿಗೆ ಅರ್ಥವಾಗುವ ಸಿಗ್ನಲ್ ಕಳಿಸಿ, 30 ಸೆಕೆಂಡ್ ಕಾದು, ಆಮೇಲೆ ಸಿಗ್‌ಕಿಲ್. ಟೈಮೌಟ್ ಕಮಾಂಡ್‌ಗೆ ಕಿಲ್ ಆಫ್ಟರ್ ಆಯ್ಕೆ ಕೊಟ್ಟರೆ ಇದು ನಡೆಯುತ್ತದೆ. ಯಾವ ಸಿಗ್ನಲ್ ಅನ್ನುವುದು ಭಾಷೆಯ ಮೇಲೆ ನಿಂತಿದೆ. ಪೈಥಾನ್‌ಗೆ ಸಿಗ್‌ಇಂಟ್. ಗೋಗೆ ಸಿಗ್‌ಕ್ವಿಟ್, ಅದು ಗೋರುಟೀನ್ ಸ್ಟ್ಯಾಕ್ ಬರೆದು ಸಾಯುತ್ತದೆ. ಜಾವಾಗೂ ಸಿಗ್‌ಕ್ವಿಟ್, ಆದರೆ ಜಾವಾ ಓಡಿಸುವ ಜೆವಿಎಂ ಥ್ರೆಡ್ ಡಂಪ್ ಬರೆದು ಸಾಯದೆ ಮುಂದುವರಿಯುತ್ತದೆ. ಹಾಗಾಗಿ ಜಾವಾಗೆ ಅದರ ಹಿಂದೆ ಇನ್ನೊಂದು ಸಿಗ್ನಲ್ ಬೇಕೇ ಬೇಕು. ಸಿ ಪ್ಲಸ್ ಪ್ಲಸ್‌ಗೆ ಸಿಗ್‌ಅಬಾರ್ಟ್ ಕಳಿಸಿದರೆ ಕೋರ್ ಡಂಪ್ ಸಿಗಬಹುದು, ಅದಕ್ಕೆ ಮಶೀನಿನಲ್ಲಿ ಅವಕಾಶ ಇದ್ದರೆ.

ಸಿಮೇಕ್ ಬಳಸುವವರಿಗೆ ಇದು ಒಳಗೇ ಬಂದಿದೆ. ಅದರ ಟೆಸ್ಟ್ ಓಡಿಸುವ ಕಮಾಂಡ್ ಸಿಟೆಸ್ಟ್‌ನ ಡಿಫಾಲ್ಟ್ ಟೈಮೌಟ್ 1500 ಸೆಕೆಂಡ್. ಸಿಮೇಕ್ 3.27ರಿಂದ ಟೈಮೌಟ್ ಹೊತ್ತಿಗೆ ಯಾವ ಸಿಗ್ನಲ್ ಕಳಿಸಬೇಕು, ಎಷ್ಟು ಹೊತ್ತು ಕಾಯಬೇಕು ಅಂತ ಪ್ರತಿ ಟೆಸ್ಟಿಗೆ ಹೇಳಬಹುದು. ಹಳೆಯ ಆವೃತ್ತಿಯಲ್ಲಿ ಇದ್ದರೆ ಈ ಒಂದೇ ಕಾರಣಕ್ಕೂ ಮೇಲೇರಬಹುದು ಅಂತ ನನಗನ್ನಿಸುತ್ತದೆ. ಬೇಝೆಲ್‌ನಲ್ಲಿ ಟೆಸ್ಟ್ ಗಾತ್ರಕ್ಕೆ ತಕ್ಕ ಟೈಮೌಟ್ ಇದೆ: ಸ್ಮಾಲ್ 60 ಸೆಕೆಂಡ್, ಮೀಡಿಯಂ 300, ಲಾರ್ಜ್ 900, ಎನಾರ್ಮಸ್ 3600. ಲೋಕಲ್ ಆಗಿ ಓಡಿಸಿದಾಗ ಟೈಮೌಟ್ ಆದರೆ ಮೊದಲು ಸಿಗ್‌ಟರ್ಮ್ ಬರುತ್ತದೆ, 15 ಸೆಕೆಂಡ್ ಬಿಟ್ಟು ಕಿಲ್. ಆ 15 ಸೆಕೆಂಡ್ ಉಪಯೋಗಿಸಿಕೊಳ್ಳುವುದು ನಿಮ್ಮ ಹ್ಯಾಂಡ್ಲರ್ ಕೆಲಸ. ಪೈಥಾನ್ ಟೆಸ್ಟ್ ಆದರೆ ಸಿಗ್‌ಟರ್ಮ್‌ಗೆ ಫಾಲ್ಟ್‌ಹ್ಯಾಂಡ್ಲರ್ ರಿಜಿಸ್ಟರ್ ಮಾಡಿ ಇಟ್ಟರೆ ಸಾಕು.

ಇಲ್ಲಿ ಜನ ಎಡವುವ ಜಾಗ ಮಕ್ಕಳ ಪ್ರೊಸೆಸ್‌ಗಳು. ಟೆಸ್ಟ್ ಒಂದು ಸರ್ವರ್ ಶುರು ಮಾಡಿರುತ್ತದೆ. ಟೆಸ್ಟನ್ನು ಕಿಲ್ ಮಾಡಿದಿರಿ, ಸರ್ವರ್ ಇನ್ನೂ ಬದುಕಿದೆ. ಅದರ ಕೈಯಲ್ಲಿ ಪೈಪಿನ ತುದಿ ಇನ್ನೂ ತೆರೆದೇ ಇರುತ್ತದೆ. ಓದುತ್ತಿರುವವರಿಗೆ ಫೈಲ್ ಮುಗಿಯಿತು ಅನ್ನುವ ಸೂಚನೆ ಬರುವುದೇ ಇಲ್ಲ. ಕಾವಲುಗಾರನೇ ಹ್ಯಾಂಗ್ ಆಗುತ್ತಾನೆ. ಇದಕ್ಕೆ ಟೆಸ್ಟನ್ನು ಹೊಸ ಪ್ರೊಸೆಸ್ ಗುಂಪಿನಲ್ಲಿ ಅಥವಾ ಹೊಸ ಸೆಷನ್‌ನಲ್ಲಿ ಶುರು ಮಾಡಿ, ಇಡೀ ಗುಂಪಿಗೇ ಸಿಗ್ನಲ್ ಕಳಿಸಬೇಕು. ಔಟ್‌ಪುಟ್ ಪೈಪಿನ ಬದಲು ಫೈಲಿಗೆ ಹೋದರೆ ಈ ತೊಂದರೆ ಇನ್ನೂ ಕಡಿಮೆ.

ಪೈಥಾನ್‌ನ ಸಬ್‌ಪ್ರೊಸೆಸ್ ರನ್ ಬಳಸಿ ಸ್ವಂತ ಕಾವಲು ಬರೆಯುವವರು ಎರಡು ವಿಷಯ ಗಮನಿಸಿ. ಟೈಮೌಟ್ ಆದಾಗ ಅದು ಯುನಿಕ್ಸ್‌ನಲ್ಲಿ ನೇರ ಸಿಗ್‌ಕಿಲ್ ಮಾಡುತ್ತದೆ, ಮೃದು ಹಂತ ಇಲ್ಲ. ಅಲ್ಲಿವರೆಗೆ ಹಿಡಿದ ಔಟ್‌ಪುಟ್ ಟೈಮೌಟ್ ಎಕ್ಸ್‌ಪೈರ್ಡ್ ಎಕ್ಸೆಪ್ಷನ್ ಒಳಗೆ ಸಿಗುತ್ತದೆ, ಬಹಳ ಜನ ಅದನ್ನು ತೆಗೆದು ನೋಡುವುದೇ ಇಲ್ಲ. ಟೆಕ್ಸ್ಟ್ ಮೋಡ್ ಕೇಳಿದ್ದರೂ ಅಲ್ಲಿ ಬೈಟ್ಸ್ ಬರಬಹುದು, ಹಾಗಾಗಿ ಡಿಕೋಡ್ ಮಾಡುವ ಕೋಡ್ ಇಟ್ಟುಕೊಳ್ಳಿ.

ಕಂಟೇನರ್ ಒಳಗೆ ಓಡಿಸಿದರೆ ಇನ್ನೊಂದು ತೊಡಕು. ಡಾಕರ್ ಸ್ಟಾಪ್ ಸಿಗ್‌ಟರ್ಮ್ ಕಳಿಸಿ ಲಿನಕ್ಸ್ ಕಂಟೇನರಿಗೆ 10 ಸೆಕೆಂಡ್ ಕೊಡುತ್ತದೆ, ಕುಬರ್ನೆಟಿಸ್ ಡಿಫಾಲ್ಟ್ ಆಗಿ 30 ಸೆಕೆಂಡ್. ಆದರೆ ಆ ಸಿಗ್ನಲ್ ಹೋಗುವುದು ಕಂಟೇನರಿನ ಮೊದಲ ಪ್ರೊಸೆಸ್‌ಗೆ. ಅದು ಶೆಲ್ ಸ್ಕ್ರಿಪ್ಟ್ ಆಗಿದ್ದರೆ ಒಳಗಿನ ಟೆಸ್ಟಿಗೆ ಸಿಗ್ನಲ್ ದಾಟಿಸುವುದಿಲ್ಲ. ಕೊಟ್ಟ ಸಮಯ ಸುಮ್ನೆ ಕಳೆದು ಕೊನೆಗೆ ಸಿಗ್‌ಕಿಲ್ ಬೀಳುತ್ತದೆ. ಸ್ಕ್ರಿಪ್ಟಿನ ಕೊನೆಯ ಸಾಲಿನಲ್ಲಿ ಎಕ್ಸೆಕ್ ಬಳಸಿ. ಜೊತೆಗೆ ಡಾಕರ್‌ಗೆ ಇನಿಟ್ ಆಯ್ಕೆ ಕೊಡಿ.

ಸಿಐಗೆ ಬಿಟ್ಟುಬಿಡುವುದು

ಬಹಳ ತಂಡಗಳು ಈ ಒಂದನ್ನೇ ನಂಬಿಕೊಂಡಿರುತ್ತವೆ. ನನಗೆ ಇದು ಒಪ್ಪಿಗೆಯಿಲ್ಲ. ಸಿಐ ಟೈಮೌಟ್ ಕೊನೆಯ ಬಲೆಯಾಗಿ ಇರಬೇಕು, ಮೊದಲ ಬಲೆಯಾಗಿ ಅಲ್ಲ. ಅದಕ್ಕೆ ನಿಮ್ಮ ಟೆಸ್ಟಿನ ಬಗ್ಗೆ ಏನೂ ಗೊತ್ತಿಲ್ಲ, ಸ್ಟ್ಯಾಕ್ ಕೇಳುವುದೂ ಗೊತ್ತಿಲ್ಲ.

ಗಿಟ್‌ಹಬ್ ಆಕ್ಷನ್ಸ್‌ನಲ್ಲಿ ಜಾಬಿನ ಡಿಫಾಲ್ಟ್ ಟೈಮೌಟ್ 360 ನಿಮಿಷ. ಆರು ಗಂಟೆ ಕಾದು ಖಾಲಿ ಲಾಗ್ ನೋಡುವುದು ಯಾರಿಗೂ ಬೇಡ. ಜಾಬ್ ರದ್ದಾದಾಗ ರನ್ನರ್ ಸಿಗ್‌ಇಂಟ್ ಕಳಿಸಿ 7.5 ಸೆಕೆಂಡ್, ಆಮೇಲೆ ಸಿಗ್‌ಟರ್ಮ್ ಕಳಿಸಿ 2.5 ಸೆಕೆಂಡ್ ಕಾಯುತ್ತದೆ. ದೊಡ್ಡ ವರದಿ ಬರೆಯಲು ಅದು ಸಾಲುವುದಿಲ್ಲ. ಟೈಮೌಟನ್ನು ಜಾಬಿಗಷ್ಟೇ ಅಲ್ಲ, ಟೆಸ್ಟ್ ಓಡುವ ಸ್ಟೆಪ್ಪಿಗೂ ಇಡಿ. ಸ್ಟೆಪ್ ಟೈಮೌಟ್ ಆದರೆ ಅದು ಫೇಲ್ ಆದ ಸ್ಟೆಪ್ ಅಷ್ಟೇ. ಆಲ್ವೇಸ್ ಶರತ್ತು ಹಾಕಿದ ಅಪ್‌ಲೋಡ್ ಸ್ಟೆಪ್ ಆಮೇಲೆ ಆರಾಮಾಗಿ ಓಡುತ್ತದೆ.

ಗಿಟ್‌ಲ್ಯಾಬ್‌ನಲ್ಲಿ ಡಿಫಾಲ್ಟ್ 1 ಗಂಟೆ. ಜಾಬ್ ಟೈಮೌಟ್ ಆದರೆ ಆಫ್ಟರ್ ಸ್ಕ್ರಿಪ್ಟ್ ಓಡುವುದಿಲ್ಲ, ಹಾಗಾಗಿ ಅದರಲ್ಲಿ ಲಾಗ್ ಒಟ್ಟುಮಾಡುವವರಿಗೆ ಏನೂ ಸಿಗುವುದಿಲ್ಲ. ರನ್ನರ್ 16.4ರಿಂದ ರನ್ನರ್ ಸ್ಕ್ರಿಪ್ಟ್ ಟೈಮೌಟ್ ಎಂಬ ವೇರಿಯಬಲ್ ಇದೆ. ಅದನ್ನು ಜಾಬ್ ಟೈಮೌಟ್‌ಗಿಂತ ಚಿಕ್ಕದಾಗಿ ಇಟ್ಟರೆ ಸ್ಕ್ರಿಪ್ಟ್ ಮೊದಲು ನಿಲ್ಲುತ್ತದೆ, ಆಫ್ಟರ್ ಸ್ಕ್ರಿಪ್ಟ್‌ಗೂ ಆರ್ಟಿಫ್ಯಾಕ್ಟ್ (ಜಾಬ್ ಮುಗಿದ ಮೇಲೂ ಉಳಿಸಿಡುವ ಫೈಲುಗಳು) ಅಪ್‌ಲೋಡ್‌ಗೂ ಸಮಯ ಸಿಗುತ್ತದೆ. ಆರ್ಟಿಫ್ಯಾಕ್ಟ್ ಯಾವಾಗ ಬೇಕು ಅನ್ನುವಲ್ಲಿ ಆಲ್ವೇಸ್ ಅಂತ ಹಾಕುವುದನ್ನು ಮರೆಯಬೇಡಿ. ಇನ್ನೊಂದು ವಿಷಯ, ರನ್ನರ್‌ನ ಜಾಬ್ ಲಾಗಿಗೆ ಡಿಫಾಲ್ಟ್ ಮಿತಿ ಸುಮಾರು 4 ಎಂಬಿ. ಕನ್ಸೋಲ್‌ಗೆ ವಿಪರೀತ ಬರೆದರೆ ಕೊನೆಯ ಭಾಗ, ಅಂದರೆ ಬೇಕಾದ ಭಾಗವೇ ಕತ್ತರಿಸಿಹೋಗುತ್ತದೆ. ವಿವರವಾದ ಲಾಗ್ ಫೈಲಿಗೆ, ಮುಖ್ಯ ಸಾಲು ಕನ್ಸೋಲ್‌ಗೆ.

ಜೆಂಕಿನ್ಸ್ ಪೈಪ್‌ಲೈನ್‌ನಲ್ಲಿ ಟೈಮೌಟ್ ಸ್ಟೆಪ್ ಜೊತೆ ಪೋಸ್ಟ್ ಆಲ್ವೇಸ್ ಬ್ಲಾಕ್ ಸಾಕಾಗುತ್ತದೆ. ಅದರ ಆಕ್ಟಿವಿಟಿ ಆಯ್ಕೆ ನನಗೆ ಮೆಚ್ಚುಗೆ. ಒಟ್ಟು ಸಮಯ ನೋಡುವ ಬದಲು, ಎಷ್ಟು ಹೊತ್ತಿನಿಂದ ಲಾಗ್ ಬಂದಿಲ್ಲ ಅಂತ ನೋಡುತ್ತದೆ. ಆದರೆ ಔಟ್‌ಪುಟ್ ಬಫರ್ ಆಗುತ್ತಿದ್ದರೆ ಚೆನ್ನಾಗಿ ಓಡುತ್ತಿರುವ ಟೆಸ್ಟನ್ನೂ ಅದು ಸತ್ತಿದೆ ಅಂತ ತಿಳಿಯುತ್ತದೆ. ಮೊದಲು ಬಫರ್ ಸರಿಮಾಡಿ, ಆಮೇಲೆ ಇದನ್ನು ಹಾಕಿ.

ಪಿವೈಸ್ಪೈ, ಜೆಸ್ಟ್ಯಾಕ್, ಜಿಕೋರ್ ಥರದ ಸಾಧನಗಳಿಂದ ಹೊರಗಿನಿಂದಲೇ ಸ್ಟ್ಯಾಕ್ ತೆಗೆಯುವುದೂ ಒಂದು ದಾರಿ. ಕೋಡ್ ಬದಲಿಸುವ ಹಾಗೇ ಇಲ್ಲ ಅನ್ನುವವರಿಗೆ ಇದು ಒಳ್ಳೆಯದು. ಪಿವೈಸ್ಪೈ ಮತ್ತು ಜಿಕೋರ್‌ಗೆ ಕಂಟೇನರ್‌ನಲ್ಲಿ ಬೇರೆ ಪ್ರೊಸೆಸ್ಸಿನ ಒಳಗೆ ಇಣುಕುವ ಪಿಟ್ರೇಸ್ ಅನುಮತಿ ಬೇಕಾಗುತ್ತದೆ.

ಯಾರಿಗೆ ಯಾವುದು?

ಚಿಕ್ಕ ಪೈಥಾನ್ ಪ್ರಾಜೆಕ್ಟ್ ಆದರೆ ಪೈಟೆಸ್ಟ್ ಲಾಗ್ ಫೈಲ್, ಫಾಲ್ಟ್‌ಹ್ಯಾಂಡ್ಲರ್ ಟೈಮೌಟ್, ಸಿಗ್ನಲ್ ವಿಧಾನದ ಟೈಮೌಟ್ ಪ್ಲಗಿನ್, ಸ್ಟೆಪ್ ಮಟ್ಟದ ಸಿಐ ಟೈಮೌಟ್. ಅರ್ಧ ದಿನದ ಕೆಲಸವೂ ಅಲ್ಲ. ಗೋ ಆದರೆ ಮೈನಸ್ ವಿ ಮತ್ತು ಟೈಮೌಟುಗಳ ಕ್ರಮ, ಅಷ್ಟೇ.

ಸಿ ಪ್ಲಸ್ ಪ್ಲಸ್ ಅಥವಾ ಹಲವು ಭಾಷೆ ಬೆರೆತ ದೊಡ್ಡ ಪ್ರಾಜೆಕ್ಟಿಗೆ ಹೊರಗಿನ ಕಾವಲೇ ಮುಖ್ಯ. ಫ್ರೇಮ್‌ವರ್ಕ್ ಹತ್ತಾರು ಇದ್ದರೂ ಸಿಗ್ನಲ್ ಒಂದೇ ಭಾಷೆ ಮಾತಾಡುತ್ತದೆ. ಜಾವಾದಲ್ಲಿ ಅನೋಟೇಶನ್ ಮೊದಲು ಹೊಡೆಯಲಿ, ಮೇವನ್ ಶೂರ್‌ಫೈರ್‌ನ ಫೋರ್ಕ್ ಟೈಮೌಟ್ ಅದರ ಹಿಂದೆ ಇರಲಿ. ಶೂರ್‌ಫೈರ್ ಇಡೀ ಜೆವಿಎಂ ಮುಗಿಸುವುದರಿಂದ ಅದು ಮೊದಲು ಹೊಡೆದರೆ ಆ ಹೊತ್ತಿನ ಟೆಸ್ಟ್ ಕ್ಲಾಸಿನ ವರದಿ ಸಿಗುವುದಿಲ್ಲ.

ಬ್ರೌಸರ್ ಟೆಸ್ಟುಗಳ ಬಗ್ಗೆ ವಿಶೇಷ ಎಚ್ಚರ ಬೇಕು. ಪ್ಲೇರೈಟ್‌ನಲ್ಲಿ ಪ್ರತಿ ಟೆಸ್ಟಿಗೆ 30 ಸೆಕೆಂಡ್ ಇದೆ, ಇಡೀ ಓಟಕ್ಕೆ ಡಿಫಾಲ್ಟ್ ಮಿತಿ ಇಲ್ಲ. ವಿಡಿಯೋ ಸಿಗುವುದು ಬ್ರೌಸರ್ ಕಾಂಟೆಕ್ಸ್ಟ್ ಮುಚ್ಚಿದ ಮೇಲೆ. ಸಿಐ ಹೊರಗಿನಿಂದ ಕಿಲ್ ಮಾಡಿದರೆ ಮುಚ್ಚುವ ಕೆಲಸ ಆಗುವುದಿಲ್ಲ, ವಿಡಿಯೋ ಸರಿಯಾಗಿ ಉಳಿಯುವುದಿಲ್ಲ. ಹಾಗಾಗಿ ಗ್ಲೋಬಲ್ ಟೈಮೌಟ್ ಇಟ್ಟು, ಅದು ಸ್ಟೆಪ್ ಟೈಮೌಟ್‌ಗಿಂತ ಕೆಲವು ನಿಮಿಷ ಮುಂಚೆ ಹೊಡೆಯುವ ಹಾಗೆ ನೋಡಿಕೊಳ್ಳಿ.

ಕ್ರಮಕ್ಕೆ ಒಂದು ಮಾದರಿ ಕೊಡುತ್ತೇನೆ. ಸ್ಟ್ಯಾಕ್ ಬರೆಯುವುದು 45 ಸೆಕೆಂಡಿಗೆ, ಟೆಸ್ಟ್ ಟೈಮೌಟ್ 60 ಸೆಕೆಂಡ್, ಹೊರಗಿನ ಕಾವಲು 15 ನಿಮಿಷ, ಸ್ಟೆಪ್ 20 ನಿಮಿಷ, ಜಾಬ್ 30 ನಿಮಿಷ. ಸಂಖ್ಯೆಗಳು ನಿಮ್ಮ ಟೆಸ್ಟಿಗೆ ತಕ್ಕಂತೆ ಬದಲಾಗಲಿ. ನಡುವಿನ ಅಂತರ ಮಾತ್ರ ಉಳಿಸಿ, ಒಂದು ಹಂತ ತನ್ನ ಕೆಲಸ ಮುಗಿಸುವಷ್ಟು ಸಮಯ ಮುಂದಿನದಕ್ಕೆ ಮುಂಚೆ ಇರಬೇಕು.

ಇದೆಲ್ಲ ಹಾಕಿದ ಮೇಲೆ ಬೇಕಂತಲೇ ಹ್ಯಾಂಗ್ ಆಗುವ ಟೆಸ್ಟ್ ಬರೆದು ಸಿಐನಲ್ಲೇ ಓಡಿಸಿ. ಮೂರು ಥರ ಬರೆಯಿರಿ. ಒಂದು ಸಾಲು ಮುದ್ರಿಸಿ ಸುಮ್ಮನೆ ಮಲಗುವುದು ಒಂದು. ಒಂದು ಸಾಲು ಮುದ್ರಿಸಿ ಕೊನೆಯಿಲ್ಲದ ಲೂಪ್‌ಗೆ ಬೀಳುವುದು ಇನ್ನೊಂದು. ಮಗು ಪ್ರೊಸೆಸ್ ಹುಟ್ಟಿಸಿ ಅದಕ್ಕೆ ಕಾಯುವುದು ಮೂರನೆಯದು. ಪ್ರತಿಯೊಂದರಲ್ಲೂ ಮುದ್ರಿಸಿದ ಸಾಲು ಆರ್ಟಿಫ್ಯಾಕ್ಟ್‌ನಲ್ಲಿ ಇದೆಯಾ, ಸ್ಟ್ಯಾಕ್ ಬಂತಾ, ಅದಕ್ಕೂ ಮುಂಚಿನ ಟೆಸ್ಟುಗಳ ಫಲಿತಾಂಶ ಉಳಿದಿದೆಯಾ ನೋಡಿ. ರನ್ನರ್, ಬೇಸ್ ಇಮೇಜ್ ಅಥವಾ ಫ್ರೇಮ್‌ವರ್ಕ್ ಆವೃತ್ತಿ ಬದಲಾದಾಗೆಲ್ಲ ಈ ಮೂರನ್ನೂ ಮತ್ತೆ ಓಡಿಸಿ.